ಸಿಪಾಯಿಗಳ ಹೆಸರು ಹೊಲಿಯುವ ಗುಲಶನ

ಬೆಳಗಿನ ಐದೂಮುಕ್ಕಾಲು. ಘೋಣಸಗಿಯ ಮನೆಯೊಂದರ ಕಟ್ಟೆಯ ಮೇಲೆ ಗುಲಶನ ಕೂರುತ್ತಾರೆ, ಏಳುತ್ತಾರೆ, ಸ್ಕೂಟಿಯ ಡಿಕ್ಕಿ ತೆಗೆದು ನೋಟ್‌ಬುಕ್ ಇದೆಯೇ ಎಂದು ನೋಡಿ ಮತ್ತೆ ಬಂದು ಕೂರುತ್ತಾರೆ. ಒಳಗೆ ಮಲಕವ್ವ ಇನ್ನೂ ಎದ್ದಿಲ್ಲ. ತೊಂಬತ್ತೆರಡು ವರ್ಷದ ಆ ಜೀವಕ್ಕೆ ಎದ್ದ ಮೇಲೆ ಒಂದು ತಾಸು ಮಾತ್ರ ಎಲ್ಲವೂ ನಿಚ್ಚಳ. ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಸೊಸೆಯನ್ನೇ ‘ಅವ್ವಾ’ ಎಂದು ಕರೆಯತೊಡಗುತ್ತಾರೆ. ಆ ಒಂದು ತಾಸಿಗಾಗಿ ಗುಲಶನ ವಿಜಯಪುರದ ಜಲನಗರದಿಂದ ಕತ್ತಲಲ್ಲೇ ಹೊರಟು, ತೊರವಿ, ತಿಕೋಟಾ ದಾಟಿ ಬಂದಿದ್ದಾರೆ. ಇದು ಮೂರನೆಯ ಬೆಳಗು.

ನಲವತ್ತೊಂಬತ್ತರ ಗುಲಶನ ವೃತ್ತಿಯಿಂದ ಬೈಂಡರ್. ಕಚೇರಿಗಳ ರಿಜಿಸ್ಟರು, ಲೈಬ್ರರಿಗಳ ಹರಿದ ಪುಸ್ತಕ ಹೊಲಿಯುವುದು ತಂದೆ ಮೌಲಾಸಾಬರಿಂದ ಬಂದ ಕೆಲಸ. ಹತ್ತೊಂಬತ್ತು ವರ್ಷಗಳ ಹಿಂದೆ ತೊರವಿಯ ಮುದುಕರೊಬ್ಬರು ಸೈನ್ಯದಲ್ಲಿದ್ದ ತಮ್ಮ ತಂದೆಯ ಸೇವೆಯ ದಾಖಲೆಯಾದ ಚಿಂದಿ ಪಲ್ಟನ್ ಪುಸ್ತಕವನ್ನು ಹೊಲಿಸಲು ತಂದಿದ್ದರು. ಅಂಟು ಒಣಗುವ ತನಕ ಗುಲಶನ ಅದನ್ನು ಓದಿದರು.

“ನಮ್ಮ ತೊರವಿಯಾಂವ ಬರ್ಮಾದ ಯುದ್ಧಕ್ಕ ಹೋಗಿ ಬಂದಾನ ಅಂದ್ರ ನಂಬಾಕ ಆಗಲಿಲ್ಲ ನೋಡ್ರಿ. ನಾ ಆವಾಗ ಸೊಲ್ಲಾಪುರನೂ ನೋಡಿದ್ದಿಲ್ಲ,” ಎನ್ನುತ್ತಾರೆ.

ಕೋಟೆ, ತೋಪುಗಳ ಬಗ್ಗೆ ಬರೆಯುವವರು ನಗರದಲ್ಲಿ ಬೇಕಾದಷ್ಟಿದ್ದಾರೆ. ಬಂದೂಕು ಹೊತ್ತು ಹೋದ ಕೂಲಿಯವರ, ರೈತರ ಮಕ್ಕಳ ಹೆಸರು ಕೇಳಿಕೊಂಡು ಮನೆಮನೆ ಅಲೆದವರು ಕಡಿಮೆ. ಗುಲಶನ ಅಲೆದಿದ್ದಾರೆ. ತಿಕೋಟಾ, ಬಬಲೇಶ್ವರ ಸೀಮೆಯ ಐವತ್ತಮೂರು ಹಳ್ಳಿ, ಎರಡನೆಯ ಮಹಾಯುದ್ಧಕ್ಕೆ ಹೋದ ನೂರ ಎಂಬತ್ತೇಳು ಮಂದಿ, ಅವರಲ್ಲಿ ಮರಳಿ ಬಾರದವರು ನಲವತ್ತೊಂದು. ಸೈನ್ಯದ ಹಳೆಯ ದಾಖಲೆಗಳಿಗಾಗಿ ಬರೆದ ಪತ್ರಗಳೇ ಒಂದು ಟ್ರಂಕು ತುಂಬಿವೆ. ಅವರ ಕಟ್ಟಳೆ ಒಂದೇ: ಒಂದು ಕಾಗದ, ಬೇರೆ ಬೇರೆ ಮನೆಯ ಎರಡು ಬಾಯಿಯ ಸಾಕ್ಷಿ. ಮೂರೂ ಕೂಡಿದರೆ ಮಾತ್ರ ಹೆಸರು ತಾವು ಬರೆಯುತ್ತಿರುವ ಪುಸ್ತಕಕ್ಕೆ.

ಗಂಡ ಜಾಹೀದ ಆಟೊ ಓಡಿಸುತ್ತಾರೆ. “ಸತ್ತ ಸಿಪಾಯಿಗಳ ಮನಿ ವಿಳಾಸ ಎಲ್ಲಾ ಬಾಯಿಪಾಠ ಐತಿ ಈಕೀಗಿ. ಗ್ಯಾಸಿನ ಪುಸ್ತಕ ಎಲ್ಲಿಟ್ಟೀ ಅಂದ್ರ ಮನಿಯೆಲ್ಲಾ ಹುಡುಕ್ತಾಳ,” ಎಂದು ನಗುತ್ತಾರೆ. ನಗುತ್ತಲೇ ನಸುಕಿನಲ್ಲಿ ಎದ್ದು ಚಹಾ ಮಾಡಿ ಕೊಡುವವರೂ ಅವರೇ.

ಪುಸ್ತಕ ಈಗ ಪ್ರೆಸ್ಸಿಗೆ ಹೋಗಿದೆ. ಒಂದೇ ಒಂದು ಪುಟ ನಿಂತಿದೆ. ಅದು ಘೋಣಸಗಿಯದು.

ಸೈನ್ಯದ ಕಾಗದ ಹೇಳುವುದಿಷ್ಟು: ಭಾಗಪ್ಪ, ಘೋಣಸಗಿ, ವಯಸ್ಸು ಇಪ್ಪತ್ತು, ಬರ್ಮಾದಲ್ಲಿ ಮರಣ. ಬಬಲೇಶ್ವರದಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿರುವ ರಾಜರತ್ನ ಅವರೂ ಅದನ್ನೇ ಹೇಳಿದ್ದರು. ಭಾಗಪ್ಪ ಅವರ ಅಜ್ಜ ಸೋಮಪ್ಪನ ಅಣ್ಣ. ಎರಡನೆಯ ಬಾಯಿಗೆಂದು ಗುಲಶನ ಆ ಅಣ್ಣತಮ್ಮಂದಿರ ತಂಗಿ ಮಲಕವ್ವನ ಬಳಿ ಬಂದರು. ಮೊದಲ ಬೆಳಗಿನಲ್ಲೇ ಎಲ್ಲ ತಲೆಕೆಳಗಾಯಿತು.

“ಭಾಗಪ್ಪ ಎಲ್ಲಿ ಸತ್ತಾನ ಬೇ? ಪಲ್ಟನ್ನಿಗೆ ಹೆಸರು ಬರಿಸಿದಾಂವ ಅಂವ. ಹೋಗೂ ದಿನ ಜ್ವರ ಬಂದು ಮೈ ಕೆಂಡ ಆಗಿತ್ತು. ಹೋಗಲಿಲ್ಲಂದ್ರ ಪೊಲೀಸರು ಬರ್ತಾರಂತ ಅವ್ವ ಹೆದರಿದ್ಲು. ಸಣ್ಣಾಂವ ಸೋಮು ಅಣ್ಣನ ಚೀಟಿ ಕಿಸೇದಾಗ ಇಟಗೊಂಡು ಹೋಗೇಬಿಟ್ಟ.”

ಸತ್ತ ಸುದ್ದಿ ಬಂದದ್ದು ಭಾಗಪ್ಪನ ಹೆಸರಿನಲ್ಲಿ. ಸರ್ಕಾರಕ್ಕೆ ಮೋಸ ಮಾಡಿದಿರಿ ಎಂದು ಹಿಡಿದೊಯ್ದಾರೆಂಬ ಭಯಕ್ಕೆ, ಬದುಕಿದ್ದ ಭಾಗಪ್ಪ ಬಬಲೇಶ್ವರ ಸೇರಿ ಸೋಮಪ್ಪನಾಗಿ ಉಳಿದರು. ರಾಜರತ್ನ ಅಜ್ಜ ಎನ್ನುವುದು ಅವರನ್ನೇ.

ಎರಡನೆಯ ಬೆಳಗೂ ಮಲಕವ್ವ ಅದನ್ನೇ ಹೇಳಿದರು. ನಿನ್ನೆ ಅಂಗಡಿಗೆ ಹೋಗಿ ಗುಲಶನ ಇದನ್ನು ಹೇಳಿದಾಗ ರಾಜರತ್ನ ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟರು.

“ಅಕ್ಕಾರ, ಹೊಲದ ಉತಾರದ ಕಾಗದ, ನನ್ನ ಜಾತಿ ಸರ್ಟಿಫಿಕೇಟು, ಮಗಳು ವಿಶಾಖಾನ ಸಾಲಿ ದಾಖಲೆ, ಎಲ್ಲಾ ಸೋಮಪ್ಪನ ಮ್ಯಾಲ ನಿಂತಾವು. ಮಲಕವ್ವ ಆಯಿಗೆ ಈಗ ನೆನಪು ನೆಟ್ಟಗಿಲ್ಲ. ಆಕಿ ಮಾತು ಕೇಳಿ ನಮ್ಮ ಮನಿ ಬುನಾದಿ ಕೀಳ್ತೀರೇನ್ರಿ?”

ಕಾಗದದಲ್ಲಿದ್ದಂತೆ ಭಾಗಪ್ಪ ಎಂದು ಅಚ್ಚು ಹಾಕಿಸಿದರೆ ಕೇಳುವವರಾರೂ ಇಲ್ಲ. ಆದರೆ ಆಮೇಲೆ ಸೋಮು ಎಂಬ ಹುಡುಗ ಎಲ್ಲಿಯೂ ಸತ್ತಿರುವುದಿಲ್ಲ. ಆ ಮೊದಲ ಬೆಳಗಿನಿಂದ ಗುಲಶನರ ಮನೆಯಲ್ಲಿ ಅನ್ನಕ್ಕೆ ಇಟ್ಟದ್ದು ಸೀಯುತ್ತದೆ, ಸೂಜಿ ಬೆರಳಿಗೆ ಚುಚ್ಚುತ್ತದೆ, ಮಗಳು ಹೀನಾ ಎರಡು ಸಲ ಕರೆದರೂ ಕೇಳಿಸುವುದಿಲ್ಲ.

ನಿನ್ನೆ ಅಂಗಡಿಯಿಂದ ಗುಲಶನ ಏಳುವಾಗ ರಾಜರತ್ನ ಚಹಾ ತರಿಸಿದರು. ಅಣ್ಣತಮ್ಮಂದಿರ ಪ್ರೀತಿ ಎಂಥದಿತ್ತು ಎಂದು ತಿಳಿಸಲು ಒಂದು ಮಾತು ಹೇಳಿದರು. “ನಮ್ಮಜ್ಜ ಎಂದೂ ತುಂಬತೋಳಿನ ಅಂಗಿ ಬಿಟ್ಟಾಂವಲ್ರಿ. ಸತ್ತಾಗ ಮೈ ತೊಳಿಯೂಮುಂದ ನೋಡೇನಿ, ಎಡಗೈ ಮ್ಯಾಲ ಭಾಗಪ್ಪ ಅಂತ ಹಚ್ಚಿ. ಸತ್ತ ಅಣ್ಣನ ಹೆಸರು ಮೈಮ್ಯಾಲ ಬರಿಸಿಕೊಂಡಿದ್ದ ಪುಣ್ಯಾತ್ಮ.”

ಗುಲಶನ ಚಹಾ ಅರ್ಧಕ್ಕೇ ಬಿಟ್ಟರು. “ನಾಳೆ ಮುಂಜಾನೆ ಘೋಣಸಗಿಗೆ ಬರ್ರಿ. ಆಯಿಗೆ ಒಂದ ಮಾತು ಕೇಳ್ತೇನಿ. ನೀವ ಎದುರಿಗಿರ್ರಿ,” ಎಂದಷ್ಟೇ ಹೇಳಿ ಬಂದರು.

ಈಗ ಅಂಗಳದಲ್ಲಿ ರಾಜರತ್ನರ ಬೈಕು ನಿಲ್ಲುತ್ತದೆ. ಒಳಗಿನಿಂದ ಕೆಮ್ಮು ಕೇಳಿಸುತ್ತದೆ. ಮಲಕವ್ವ ಎದ್ದಿದ್ದಾರೆ. ಅಣ್ಣನ ಮೊಮ್ಮಗನನ್ನು ನೋಡಿ, “ದಾರಿ ತಪ್ಪಿ ಬಂದ್ಯಾ ಯಪ್ಪಾ?” ಎಂದು ಚುಚ್ಚುತ್ತಾರೆ. ಇವತ್ತು ತಲೆ ನಿಚ್ಚಳವಾಗಿದೆ.

ಗುಲಶನ ಯಾರ ಹೆಸರನ್ನೂ ಎತ್ತುವುದಿಲ್ಲ. “ಆಯಿ, ನಿಮ್ಮ ಮನ್ಯಾಗ ಯಾರರ ಹಚ್ಚಿ ಹಾಕಿಸಿಕೊಂಡಿದ್ರೇನ?”

“ಮೂರೂ ಮಂದಿಗೆ ಹಾಕಿಸಿದ್ಲು ನಮ್ಮವ್ವ. ಅವರವರ ಹೆಸರು ಅವರವರ ಕೈಮ್ಯಾಲ. ಸುಗ್ಗಿಗೆ ಊರೂರು ತಿರಗತಿದ್ವಿ, ಕೂಸು ಕಳದ್ರ ಯಾರರ ತಂದು ಮುಟ್ಟಸಲಿ ಅಂತ.” ಮಲಕವ್ವ ಸೆರಗು ಸರಿಸಿ ತೋಳು ಚಾಚುತ್ತಾರೆ. ಸುಕ್ಕಿನ ನಡುವೆ ಮಾಸಿದ ಹಸಿರು ಅಕ್ಷರಗಳಲ್ಲಿ ಅವರದೇ ಹೆಸರಿದೆ. “ನಾ ನಾಕ ವರ್ಷದಾಕಿ. ಅತ್ತು ಓಣಿ ಒಂದ ಮಾಡಿದ್ನಿ. ಯುದ್ಧದ ಸುದ್ದಿ ಎಲ್ಲಿತ್ತು ಆವಾಗ?”

ರಾಜರತ್ನ ಆ ತೋಳನ್ನೇ ನೋಡುತ್ತಾರೆ. ಎದ್ದು ಬೈಕಿನ ತನಕ ಹೋಗಿ, ಕೀಲಿ ಹಾಕಿ, ಹಾಕಿದ ಕೀಲಿ ತೆಗೆದು ಮರಳಿ ಬರುತ್ತಾರೆ.

“ಐವತ್ತು ವರ್ಷ ಬಿಸಲಾಗ ದುಡದಾನ. ಒಂದ ದಿನ ತೋಳ ಮಡಚಲಿಲ್ಲ ಆ ಮನಷ್ಯಾ,” ಎನ್ನುತ್ತಾರೆ. ಮತ್ತೆ ಕಟ್ಟೆಯ ಮೇಲೆ ಕುಳಿತು, “ಬರೀರಿ ಅಕ್ಕಾರ. ಇಬ್ಬರದೂ ಬರೀರಿ. ಉತಾರದ ತಾಪತ್ರಯ ನಾ ನೋಡ್ಕೋತೇನಿ.”

ಗುಲಶನ ಮೊಣಕಾಲ ಮೇಲೆ ನೋಟ್‌ಬುಕ್ ಇಟ್ಟು ಬರೆಯುತ್ತಾರೆ. ಹತ್ತೊಂಬತ್ತು ವರ್ಷದ ಕೆಲಸಕ್ಕೆ ಪ್ರತಿಯಾಗಿ ಏನು ಬೇಕು ಎಂದು ಯಾರಾದರೂ ಕೇಳಿದರೆ ಅವರ ಉತ್ತರ ಚಿಕ್ಕದು: “ಒಬ್ಬರ ಮರಣ ಇನ್ನೊಬ್ಬರ ಲೆಕ್ಕಕ್ಕ ಹೋಗಬಾರದ್ರಿ. ಅಷ್ಟಾದ್ರ ಸಾಕು.”

ಬರೆದದ್ದನ್ನು ಮಲಕವ್ವನ ಕಿವಿಯ ಹತ್ತಿರ ಬಾಗಿ ಓದುತ್ತಾರೆ. “ಸೋಮು, ಘೋಣಸಗಿ. ಅಣ್ಣ ಭಾಗಪ್ಪನ ಹೆಸರಿನಲ್ಲಿ ಸೈನ್ಯಕ್ಕೆ ಹೋದವನು. ವಯಸ್ಸು ಇಪ್ಪತ್ತು…”

“ಇಪ್ಪತ್ತು ಭಾಗಪ್ಪಗ ಬೇ!” ಮಲಕವ್ವ ಗದರುತ್ತಾರೆ. “ಸೋಮುಗ ಹದಿನಾರು. ಮೀಸಿ ಎಲ್ಲಿ ಬಂದಿದ್ದು ಅವಗ?”

ಗುಲಶನ ಇಪ್ಪತ್ತನ್ನು ಹೊಡೆದು ಹಾಕಿ ಹದಿನಾರು ಎಂದು ಬರೆಯುತ್ತಾರೆ.

“ಹಾಂ. ಈಗ ಓದು,” ಎನ್ನುತ್ತಾರೆ ಮಲಕವ್ವ.