ಮಂಜಿನಲ್ಲಿ ಹಿಡಿದ ಹೆಗಲು

ಆ ಬೆಳಿಗ್ಗೆ ನಿಜವಾಗಿ ಏನಾಯಿತೆಂದು ನನಗೆ ಖಚಿತವಿಲ್ಲ. ದೆವ್ವದ ಮಾತು ಬಂದರೆ ನಕ್ಕು ಎದ್ದುಹೋಗುತ್ತಿದ್ದವನು ನಾನು. ಈಗಲೂ ದೆವ್ವವನ್ನು ನಂಬುವುದಿಲ್ಲ. ನನ್ನ ನೆನಪನ್ನು ನಂಬಬೇಕೋ ಬೇಡವೋ ಎಂಬುದಷ್ಟೇ ತಿಳಿಯದು.

ಆಗ ದಾವಣಗೆರೆಯ ವಿದ್ಯಾನಗರದಲ್ಲಿ ಗೆಳೆಯ ವೀರೇಶನ ಜೊತೆ ರೂಮು ಮಾಡಿಕೊಂಡಿದ್ದೆ. ದೊಡ್ಡ ಸೈನ್ಯಗಳು ಸಣ್ಣ ಗೆರಿಲ್ಲಾ ಗುಂಪುಗಳನ್ನು ಏಕೆ ಸೋಲಿಸಲಾರವು ಎಂಬುದು ನನ್ನ ಪಿಎಚ್.ಡಿ. ವಿಷಯ. ಅದಕ್ಕಾಗಿ ನಾನು ಮಾತಾಡಿಸುತ್ತಿದ್ದ ಹರಿಹರದ ಮಲ್ಲೇಶಪ್ಪನವರು ಸೈನ್ಯದ ನಿವೃತ್ತ ಹವಾಲ್ದಾರರು. ದೂರದ ಕಾಡುಸೀಮೆಯೊಂದರಲ್ಲಿ ಬಂಡುಕೋರರನ್ನು ಹುಡುಕುತ್ತ ಅಲೆದವರು. ಡಾಕ್ಟರೇಟ್ ಬರುವ ಮೊದಲೇ ನನ್ನನ್ನು ಡಾಕ್ಟ್ರೇ ಎಂದು ಛೇಡಿಸುತ್ತಿದ್ದರು. "ಪುಸ್ತಕದಾಗೆ ಇದು ಸಿಗಲ್ಲ ಡಾಕ್ಟ್ರೇ. ಮಂಜು ಬಿದ್ದ ದಿನ ಬರ್ರಿ, ತೋರಿಸ್ತೀನಿ."

ಚಳಿಗಾಲದ ಒಂದು ಬೆಳಿಗ್ಗೆ ನಾನೂ ಅವರೂ ತುಂಗಭದ್ರೆಯ ಮರಳಿಗೆ ಇಳಿದೆವು. ಮಂಜಿನಲ್ಲಿ ನನ್ನ ಕೈಯೇ ನನಗೆ ಕಾಣುತ್ತಿರಲಿಲ್ಲ. ಮರಳು ತೆಗೆದ ಗುಂಡಿಗಳಲ್ಲಿ ಆಳವಾದ ನೀರಿತ್ತು. ನನಗೆ ಈಜು ಬಾರದು.

"ನನ್ನ ಹೆಗಲು ಹಿಡ್ಕಳ್ರಿ. ಕಾಡಿನಾಗೆ ಹಿಂಗೇ ಸಾಲಾಗಿ ಹೋಗ್ತಿದ್ವಿ. ನಾವು ನೂರಾರು ಜನ, ಬಂದೂಕು, ವೈರ್‌ಲೆಸ್ಸು, ಎಲ್ಲಾ ಐತೆ. ಮುಂದಿನವನ ಬೆನ್ನು ಬಿಟ್ರೆ ಏನೂ ಕಾಣಲ್ಲ. ಅವರು ನಾಕೈದು ಮಂದಿ. ನಾವು ಅಷ್ಟೂ ಜನ ಅವರಿಗೆ ಕಾಣ್ತಿದ್ವಿ!"

ನನ್ನ ಚಪ್ಪಲಿ ಹೂತುಕೊಂಡಿತು. ಕೈಬಿಟ್ಟು ಬಗ್ಗಿದೆ. ಎದ್ದು ಕೈಚಾಚಿದಾಗ ಹೆಗಲು ಸಿಕ್ಕಿತು, ನಡೆದೆ. ಸ್ವಲ್ಪ ದೂರ ಹೋದಮೇಲೆ ಹೊಳೆಯಿತು: ಮಲ್ಲೇಶಪ್ಪನವರು ಉಣ್ಣೆಯ ಸ್ವೆಟರ್ ಹಾಕಿದ್ದರು. ನನ್ನ ಅಂಗೈಯಡಿ ಇದ್ದುದು ಒದ್ದೆ ಚರ್ಮ. ಅದರ ಮೇಲೆ ನಿಂಬೆಹಣ್ಣಿನಷ್ಟು ದಪ್ಪದ, ಗಟ್ಟಿ ಗಂಟು. ಕೈ ತೆಗೆಯಲೂ ಹೆದರಿಕೆ. ಆ ಹೆಗಲು ತಟ್ಟನೆ ನಿಂತಿತು.

"ಡಾಕ್ಟ್ರೇ, ಎಲ್ಲಿದೀರಿ? ಹೆಜ್ಜೆ ಇಡಬ್ಯಾಡ್ರಿ!"

ದನಿ ಬಂದದ್ದು ದೂರದಿಂದ, ಬೆನ್ನ ಹಿಂದಿನಿಂದ. ಕೈಯಡಿ ಏನೂ ಇರಲಿಲ್ಲ. ಬಗ್ಗಿ ನೋಡಿದರೆ ಕಾಲ್ಬೆರಳ ಮುಂದೆಯೇ ಗುಂಡಿಯ ಕಪ್ಪು ನೀರು.

ನಾಚಿಕೆಯಿಂದ ಅವರಿಗೆ ಏನೂ ಹೇಳಲಿಲ್ಲ. ಮುಂದಿನ ಸಲ ಹರಿಹರಕ್ಕೆ ಹೋದಾಗ ಅವರೇ, ಕೇಳದಿದ್ದರೂ, ಹೇಳಿದರು: "ಬಂದೂಕು ಹೊತ್ತೋನ ಹೆಗಲು ಗಟ್ಟಿ ಇರ್ತೈತಿ ಅಂತ ಹಳ್ಳಿಯೋರ ಹೆಗಲು ಮುಟ್ಟಿ ನೋಡ್ತಿದ್ವಿ. ಅಲ್ಲಿ ಎಲ್ಲರೂ ಹೆಗಲ ಮ್ಯಾಲೆ ಕಾವಡಿ ಹೊರೋರೇ. ಯಾರು ಅಂತ ಹೆಂಗೆ ತಿಳೀಬೇಕು? ಒಬ್ಬನಿಗೆ ನಿಂಬೆಹಣ್ಣಿನಂಥ ಗಂಟಿತ್ತು. ಇವನೇ ಅಂತ ಕೈ ತೋರಿಸಿದೋನು ನಾನು. ನಮ್ಮೋರು ಕರ್ಕೊಂಡು ಹೋದ್ರು, ತಿರುಗಿ ಬರಲಿಲ್ಲ. ಅವನು ನಮ್ಮ ಕ್ಯಾಂಪಿಗೇ ನೀರು ಹೊರ್ತಿದ್ದನಂತೆ. ಅವತ್ತಿಂದ ಆ ಊರಾಗೆ ಒಬ್ಬನೂ ನಮಗೆ ದಾರಿ ಹೇಳಲಿಲ್ಲ ನೋಡ್ರಿ. ಅಲ್ಲಿಗೇ ಸೋತ್ವಿ." ಹೇಳುತ್ತ ಅಂಗೈಯನ್ನು ಮೊಣಕಾಲಿಗೆ ತಿಕ್ಕುತ್ತಿದ್ದರು.

ಆ ಹೆಗಲು ನನ್ನನ್ನು ಮುಳುಗಿಸಲು ಕರೆದೊಯ್ದಿತೋ, ಅಂಚಿನಲ್ಲಿ ತಡೆಯಿತೋ? ಇಂಥ ಪ್ರಶ್ನೆಯೇ ಹುಚ್ಚು ಎಂದುಕೊಂಡೆ. ಗಂಟಿನ ಕತೆಯನ್ನು ಮಂಜಿನ ದಿನಕ್ಕೂ ಮೊದಲೇ ಕೇಳಿದ್ದಿರಬೇಕು, ಹೆದರಿದ ಮನಸ್ಸು ಅದನ್ನು ಮಂಜಿನಲ್ಲಿ ಬೆರೆಸಿರಬೇಕು ಎಂದು ಎಷ್ಟೋ ವರ್ಷ ಸಮಾಧಾನಪಟ್ಟೆ.

ಮೊನ್ನೆ ಮಾಯಕೊಂಡಕ್ಕೆ ಹೋಗಿ, ಆ ದಿನ ನೆನಪಿದೆಯೇ ಎಂದು ವೀರೇಶನನ್ನು ಕೇಳಿದೆ. ಅವನು ನಕ್ಕ. "ಮರೀತೀನೇನಲೇ? ಮಂಜಿನ ದಿನ ರೂಮಿಗೆ ಬಂದೋನೇ ನನ್ನ ಹೆಗಲು ಹಿಂಡಿ, 'ಇಲ್ಲಿ ಗಂಟಿತ್ತು' ಅಂದಿ. ಆಮ್ಯಾಲೆ ಹರಿಹರಕ್ಕೆ ಹೋಗಾಕೆ ಒಲ್ಲೆ ಅಂತಿದ್ದಿ. ನಾನೇ ಬೈದು ಬಸ್ ಹತ್ತಿಸಿದ್ದು."

ಮಲ್ಲೇಶಪ್ಪನವರು ಗಂಟಿನ ಕತೆಯನ್ನು ಮೊದಲ ಸಲ ಹೇಳಿದ್ದು ಆ ಬಸ್ಸಿನಲ್ಲಿ ಹೋದ ದಿನ.