ಎಡರೆಕ್ಕೆಯ ಮೂರನೇ ಕಡ್ಡಿ

ಥರ್ಮಾಕೋಲ್ ಕಂಡರೆ ರೇಣುಕಾಪ್ರಸಾದರಿಗೆ ಮೊದಲಿನಿಂದಲೂ ಆಗದು. ಮುಟ್ಟಿದರೆ ಕಿರುಗುಟ್ಟುವ, ಮುರಿದರೆ ಉದುರುವ, ಉದುರಿದ್ದು ಅಂಗಿಗೆಲ್ಲ ಅಂಟಿಕೊಳ್ಳುವ ಆ ಬಿಳಿ ದರಿದ್ರವನ್ನು ಕಂಡುಹಿಡಿದವನ ವಂಶಕ್ಕೇ ಅವರು ಶಾಪ ಹಾಕಿದ್ದುಂಟು. ಅಂಥವರನ್ನು ಗುಬ್ಬಿಯ ಶಾಲೆಯೊಂದು ವಿಜ್ಞಾನ ವಸ್ತುಪ್ರದರ್ಶನಕ್ಕೆ ತೀರ್ಪುಗಾರರಲ್ಲೊಬ್ಬರನ್ನಾಗಿ ಕರೆದಿತ್ತು. ಸಭಾಂಗಣದೊಳಗೆ ಕಾಲಿಟ್ಟರೆ ಎಲ್ಲ ಮೇಜಿನ ಮೇಲೂ ಥರ್ಮಾಕೋಲ್. ಜ್ವಾಲಾಮುಖಿಗಳೇ ನಾಲ್ಕು, ನಾಲ್ಕೂ ಒಂದೇ ಅಚ್ಚು. ಒಂದರ ಬುಡದಲ್ಲಿದ್ದ ತುಮಕೂರಿನ ಅಂಗಡಿಯ ಚೀಟಿಯನ್ನು ಕೀಳುವಷ್ಟು ನಾಚಿಕೆಯೂ ಯಾರಿಗೂ ಇರಲಿಲ್ಲ.

ಆ ಅಂಗಡಿ ಅವರಿಗೆ ಚೆನ್ನಾಗಿ ಗೊತ್ತು. ರೇಣುಕಾಪ್ರಸಾದರು ಕುಣಿಗಲ್ಲಿನವರು. ಐಟಿಐನಲ್ಲಿ ಮೂವತ್ತು ವರ್ಷ ಫಿಟ್ಟರ್ ಕೆಲಸ ಕಲಿಸಿ ನಿವೃತ್ತರಾದರೂ ಜೀವವೆಲ್ಲ ಇದ್ದದ್ದು ಮಾಡೆಲ್ ಕಟ್ಟುವುದರಲ್ಲಿ. ಹದಿನೇಳನೇ ವಯಸ್ಸಿನಿಂದ ಶನಿವಾರ ಬಂತೆಂದರೆ ತುಮಕೂರಿನ ಬಸ್ಸು ಹತ್ತಿ, ಚಿಕ್ಕಪೇಟೆಯ ಗಲ್ಲಿಯಲ್ಲಿದ್ದ ಗುಂಡಯ್ಯನ ಹಾಬಿ ಅಂಗಡಿಗೆ ಓಡುತ್ತಿದ್ದರು. ಬಾಗಿಲಲ್ಲೇ ವಾರ್ನಿಷ್ ವಾಸನೆ. ಒಳಗೆ ಹಪ್ಪಳದಷ್ಟು ಹಗುರವಾದ ಬಾಲ್ಸಾ ಮರದ ಹಲಗೆ, ಟಿಶ್ಯೂ ಕಾಗದದ ಸುರುಳಿ, ರಬ್ಬರ್ ಎಳೆ. ಗುಂಡಯ್ಯ ಮಾತ್ರ ಸುಲಭಕ್ಕೆ ಸಾಮಾನು ಕೊಡುವ ಆಸಾಮಿಯಲ್ಲ.

"ಹೋದ್ವಾರ ತಗೊಂಡೋಗಿದ್ದು ಎಲ್ಲೋ? ಮಾಡಿದ್ದು ತಂದು ತೋರ್ಸು, ಆಮೇಲೆ ಮುಂದಿಂದು" ಎಂದು ಗದರುತ್ತಿದ್ದ.

ಹತ್ತೊಂಬತ್ತು ತುಂಬಿದಾಗ ಮೊಳದುದ್ದದ ರೆಕ್ಕೆಯ ವಿಮಾನವೊಂದನ್ನು ಕಟ್ಟಿ ತಂದರು. ಗುಂಡಯ್ಯ ಅದನ್ನು ಬೆಳಕಿಗೆ ಹಿಡಿದು, ಕಾಗದದೊಳಗಿನ ಪಕ್ಕೆಲುಬಿನಂಥ ಕಡ್ಡಿಗಳನ್ನು ಒಂದೊಂದಾಗಿ ನೋಡಿದ.

"ಎಡರೆಕ್ಕೇಲಿ ಮೂರನೇದು ತಲೆಕೆಳಗಾಗೈತೆ ಕಣೋ. ಉಬ್ಬು ಮೇಲಿರ್ಬೇಕಿತ್ತು."

ಹುಡುಗನ ಮುಖ ಸಣ್ಣಗಾದದ್ದನ್ನು ಕಂಡು, "ಇರ್ಲಿ ಬುಡು, ಗುರುತಿಗಾಯ್ತು" ಎಂದು ಅಂಗಡಿಯ ಸೂರಿಗೆ ನೇತುಹಾಕಿದ. ಪ್ರತಿ ಆಯುಧಪೂಜೆಗೂ ಅದರ ಮೂತಿಗೆ ಕುಂಕುಮ ಇಡುತ್ತಿದ್ದ. ಮಾರುವುದಿಲ್ಲವೆಂದು ಮಾತು ಕೊಟ್ಟಿದ್ದ.

ಗುಂಡಯ್ಯ ತೀರಿಕೊಂಡ ಮೇಲೆ ಅಂಗಡಿ ಅಳಿಯ ನಾಗೇಶನ ಪಾಲಾಯಿತು. ಬಾಲ್ಸಾ ಹೋಗಿ ರೆಡಿಮೇಡ್ ಪ್ರಾಜೆಕ್ಟ್ ಬಂತು. ಮಕ್ಕಳ ಹೆಸರಿಗೆ ಜಾಗ ಬಿಟ್ಟ ಸೌರಮಂಡಲ, ಸ್ವಿಚ್ ಒತ್ತಿದರೆ ಮಿಣುಕುವ ಹೃದಯ, ಥೂ! ರೇಣುಕಾಪ್ರಸಾದರು ಕೇಳಿದ್ದು ತಮ್ಮ ವಿಮಾನವೊಂದನ್ನೇ. "ಅಟ್ಟದ ಮೇಲೆಲ್ಲೋ ಐತೆ ಸಾರ್, ಹುಡುಕ್ಸಿಡ್ತೀನಿ" ಎಂದ ನಾಗೇಶ ಎರಡು ವರ್ಷದಿಂದ ಹುಡುಕಿಸುತ್ತಲೇ ಇದ್ದ.

ಅದು ಈಗ ಹನ್ನೊಂದನೇ ಮೇಜಿನ ಮೇಲೆ ಸಿಕ್ಕಿತು. ಮೈಗೆಲ್ಲ ಹಸಿರು ಮಿಂಚುಪುಡಿ ಬಳಿದು, ಕೆಳಗೆ ಥರ್ಮಾಕೋಲಿನ ಮೋಡ ಅಂಟಿಸಿದ್ದರು. ಮೂತಿಯ ಕುಂಕುಮ ಮಾತ್ರ ಉಜ್ಜಿದರೂ ಹೋಗಿರಲಿಲ್ಲ. ಪಕ್ಕದಲ್ಲಿ ಫಲಕ: ತಯಾರಿಸಿದವರು ಯಶಸ್ವಿನಿ, ಎಂಟನೇ ತರಗತಿ.

"ಇದಕ್ಕೇ ಫಸ್ಟ್ ಪ್ರೈಜ್ ಅಂತಿದಾರೆ ಸಾರ್ ಎಲ್ರೂ. ಎಷ್ಟು ನೀಟಾಗಿದೆ ನೋಡಿ" ಎಂದರು ಹೆಡ್‌ಮೇಡಂ.

ಹುಡುಗಿ ಬಾಯಿಪಾಠ ಒಪ್ಪಿಸಿದಳು. ಅಪ್ಪ ರವೀಶ್, ಚೇಳೂರಿನ ಕಡೆಯವನು, ಫೋನ್ ಹಿಡಿದು ವಿಡಿಯೋ ಮಾಡುತ್ತಿದ್ದ.

"ನೀನೇ ಮಾಡಿದ್ದಾ?" ಎಂದು ರೇಣುಕಾಪ್ರಸಾದರು ಅವಳನ್ನು ಕೇಳಿದರು.

"ಅವ್ಳೇ ಸಾರ್. ಹದಿನೈದು ದಿನ ಬೇರೆ ಕೆಲ್ಸನೇ ಮಾಡಿಲ್ಲ" ಎಂದ ರವೀಶ್, ಮಗಳ ಎದುರಲ್ಲೇ, ಕಣ್ಣು ಮಿಟುಕಿಸದೆ.

ಇದು ನನ್ನದು ಎಂಬ ಮಾತು ರೇಣುಕಾಪ್ರಸಾದರ ನಾಲಿಗೆಯ ತುದಿಗೆ ಬಂದಿತ್ತು. ಅಂದುಬಿಟ್ಟರೆ ಅಪ್ಪನ ಮಾನ ಹೋಗುತ್ತಿತ್ತು, ವಿಮಾನ ಕುಣಿಗಲ್ಲಿಗೆ ಬರುತ್ತಿತ್ತು. ಅಷ್ಟರಲ್ಲಿ ಹುಡುಗಿಯೇ ಬಾಯಿಬಿಟ್ಟಳು.

"ಸಾರ್, ಇದ್ರಲ್ಲಿ ಒಂದು ತಪ್ಪೈತೆ. ಬೆಳಕಿಗೆ ಹಿಡಿದ್ರೆ ಎಡರೆಕ್ಕೇಲಿ ಮೂರನೇ ಕಡ್ಡಿ ಉಲ್ಟಾ ಕಾಣ್ತದೆ. ಅಂಗ್ಡೀಲೇ ಹಂಗಿತ್ತು."

"ಏನ್ಲೇ ನೀನು!" ಎಂದ ರವೀಶ್. ಫೋನು ಕೆಳಗಿಳಿಯಿತು.

ನಲವತ್ತೆರಡು ವರ್ಷ ಅಂಗಡಿಯ ಆ ಸೂರಿನ ಕೆಳಗೆ ಎಷ್ಟೋ ಮಂದಿ ಓಡಾಡಿದ್ದರು. ಆ ಕಡ್ಡಿ ಕಂಡದ್ದು ಗುಂಡಯ್ಯನಿಗೆ, ಈಗ ಇವಳಿಗೆ. ರೇಣುಕಾಪ್ರಸಾದರು ಅಂಕಪಟ್ಟಿಯಲ್ಲಿ ಸೊನ್ನೆ ಬರೆದರು.

"ಸಾರ್, ಸೊನ್ನೆನಾ?" ಹೆಡ್‌ಮೇಡಂ ಗಾಬರಿಯಾದರು.

"ಮಾಡಿದವನು ನಿಮ್ಮ ಶಾಲೆಯವನಲ್ಲ ಮೇಡಂ. ಉಳಿದದ್ದಕ್ಕೂ ಸೊನ್ನೆಯೇ."

ಉಳಿದ ತೀರ್ಪುಗಾರರಿಗೆ ಅಷ್ಟು ರಗಳೆ ಬೇಕಿರಲಿಲ್ಲ. ಮೊದಲ ಬಹುಮಾನ ಒಂದು ಜ್ವಾಲಾಮುಖಿಗೆ ಹೋಯಿತು. ವೇದಿಕೆಗೆ ಒಯ್ಯುವ ಮುಂಚೆ ಹೆಡ್‌ಮೇಡಂ ತಾವೇ ಉಗುರಿನಿಂದ ಅದರ ಚೀಟಿ ಕೆರೆದು ಕಿತ್ತರು. ಆ ಜ್ವಾಲಾಮುಖಿಗೇ ಎಲ್ಲರೂ ಚಪ್ಪಾಳೆ ತಟ್ಟಿದ್ದು ನೋಡಿದ ಮೇಲೆ ರೇಣುಕಾಪ್ರಸಾದರಿಗೆ ಅಲ್ಲಿ ಕಾಫಿ ಕುಡಿಯುವುದೂ ಬೇಡವಾಯಿತು.

ಗೇಟಿನ ಬಳಿ ರವೀಶ್ ಕೊತಕೊತ ಕುದಿಯುತ್ತಿದ್ದ. "ಅಂಗ್ಡೀಲಿದ್ದ ಬೆಸ್ಟ್ ಪೀಸ್ ತಂದಿದ್ದೆ ಸಾರ್, ಸೊನ್ನೆ ಹಾಕಿದ್ರಿ. ಈ ದರಿದ್ರ ಇನ್ ಮನೇಗ್ಯಾಕೆ? ನೀವೇ ತಗೊಂಡೋಗಿ ಬೇಕಾದ್ರೆ" ಎಂದು ವಿಮಾನವನ್ನು ಚಾಚಿದ.

ಎರಡು ವರ್ಷ ಅಂಗಲಾಚಿದ್ದು ತಾನಾಗಿಯೇ ಎದುರಿಗೆ ಬಂದಿತ್ತು. ರೇಣುಕಾಪ್ರಸಾದರ ಕೈ ಮುಂದೆ ಹೋಗಿಯೇ ಬಿಟ್ಟಿತು.

"ಕೊಡ್ಬೇಡಪ್ಪ" ಎಂದಳು ಯಶಸ್ವಿನಿ. "ಬಿಚ್ಚಿ ನೋಡ್ತೀನಿ. ಸಾರ್, ಆ ಕಡ್ಡಿ ಸರಿ ಮಾಡೋಕಾಗ್ತದಾ?"

ಬಿಡಲು ಮನಸ್ಸಿರಲಿಲ್ಲ. ಕೊನೆಗೆ ಅವರೇ ಕೈ ಹಿಂದೆ ತೆಗೆದುಕೊಂಡರು.

"ಆಗ್ತದೆ. ಕಾಗದ ಸೀಳ್ಬೇಕು, ಹೊಸ ಬ್ಲೇಡ್ ತಗೋ. ಮಾಡಿದ್ದು ತಂದು ತೋರ್ಸು, ಆಮೇಲೆ ಮುಂದಿಂದು ಹೇಳ್ಕೊಡ್ತೀನಿ." ನಂಬರನ್ನು ಅವಳ ಪುಸ್ತಕದಲ್ಲೇ ಬರೆದುಕೊಟ್ಟು ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತರು.

"ಮೊದ್ಲು ಆ ಮಿಂಚುಪುಡಿ ಕೆರ್ದು ಬಿಸಾಕು, ನೋಡೋಕೆ ಅಸಹ್ಯ. ಮೂತಿ ಮೇಲಿರೋ ಕುಂಕುಮ ಮಾತ್ರ ಮುಟ್ಬೇಡ."