ಏರ್ಕಾಡಿನಲ್ಲಿ ಒಂದು ವಾರ

ಶಂಕಗಿರಿಯ ಲಾರಿ ಬ್ರೋಕರ್ ಮುನಿರಾಜ್, ವರ್ಷಕ್ಕೊಂದು ವಾರ ಏರ್ಕಾಡು ಬೆಟ್ಟದ ರೆಸಾರ್ಟಿನಲ್ಲಿ ತಂಗುವ ಹಕ್ಕನ್ನು ವರ್ಗವಾಗಿ ಹೊರಟಿದ್ದ ಬ್ಯಾಂಕ್ ಮ್ಯಾನೇಜರರಿಂದ ಕೊಂಡಿದ್ದ. ಕಂಪನಿಯವರು ಅದನ್ನು ಅವನ ಹೆಸರಿಗೆ ಮಾಡಿಕೊಡುವವರೆಗೂ ನಮ್ಮ ಬೀದಿಗೆ ಅದೇ ತಮಾಷೆ. ಬೆಳಗಾದರೆ ಎಸ್‌ಟಿಡಿ ಬೂತಿನಿಂದ ಮದ್ರಾಸಿನ ಕಂಪನಿ ಆಫೀಸಿಗೆ ತಮಿಳಿನಲ್ಲಿ ಕೂಗುವನು: "ಸಾರ್, ಪೇರು ಮಾತ್ತಿಯಾಚ್ಚಾ?" ಹೆಸರು ಬದಲಾಯಿಸಿ ಆಯ್ತಾ ಅಂತ. ಬೆಟ್ಟದಿಂದ ಇಳಿದ ಡ್ರೈವರುಗಳನ್ನು ತಡೆದು, "ಮೇಲೆ ಮಂಜು ಐತೇನ್ಲಾ?" ಎಂದು ಕೇಳುವನು. ಉರಿಬಿಸಿಲಲ್ಲಿ ಸ್ವೆಟರ್ ತೊಟ್ಟು, "ಅಭ್ಯಾಸ ಆಗ್ಲಿ" ಎನ್ನುವನು. ಇಷ್ಟು ಆತುರ ಯಾಕೆಂದು ನಮಗೆ ತಿಳಿದದ್ದು ಹೆಸರು ಬದಲಾದ ದಿನ. ಅವನ ಹೆಂಡತಿ ಮಂಗಮ್ಮ ಸ್ಟೋವು, ಅಕ್ಕಿ, ಸಾರಿನ ಪುಡಿ ಎಲ್ಲ ಮೂಟೆ ಕಟ್ಟುತ್ತಿದ್ದಳು. ಮುನಿರಾಜ್ ಮೂಟೆ ಬಿಚ್ಚಿಬಿಟ್ಟ. "ಅಲ್ಲಿ ಬ್ಯಾರೇರು ಮಾಡಿ ಬಡಿಸ್ತಾರೆ. ನೀನು ಕುಂತ್ಕಂಡು ಉಣ್ಬೇಕು, ಅದಕ್ಕೇ ತಗಂಡಿದ್ದು." ಮಂಗಮ್ಮನಿಗೆ ನಂಬಿಕೆಯಾಗಲಿಲ್ಲ. "ಎಲ್ಲಾರೂ ಉಂಡಾದ್ಮೇಲಾ?" ಎಂದಳು. "ಇಲ್ಲ ಕಣೇ," ಎಂದ ಮುನಿರಾಜ್, "ನನ್ ಜೊತೇಗೆ."